ಆಕಾಶದ ಹೈಡ್ರೋಜನ್ ಅಳೆದ ಯಾನ್ ಓರ್ಟ್



ಈ ಸಂಚಿಕೆಗೆ ನಾನು ಒಬ್ಬ ದೊಡ್ಡ ಖಗೋಳ ವಿಜ್ಞಾನಿಯ ಜೀವನ ಚರಿತ್ರೆ ಬರೆದಿದ್ದೇನೆ. ಅವರ ಹೆಸರು ಯಾನ್ ಓರ್ಟ್. ಅವರ ಬಗ್ಗೆ ಯಾಕೆ ಬರೆದೆ ಅನ್ನೋದನ್ನ ಮೊದಲು ಹೇಳಿಬಿಡ್ತೀನಿ.

ಹೋದ ಸಂಚಿಕೆ ನಿಮಗ್ಯಾರಿಗೂ ಓದೋಕೆ ಸಿಗಲಿಲ್ಲ. ಅದು ನನ್ನದೇ ತಪ್ಪು. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ, ಹಾಳೆ ಅಂಟಿಸಿದ ರಟ್ಟನ್ನು ಒಳಗೆ ಇಟ್ಟು ಬೀಗ ಹಾಕಿಸಬೇಕಿತ್ತು. ಗೋಂದು ಒಣಗಲಿ ಅಂತ ನಾನು ಅದನ್ನು ಜಗುಲಿಯಲ್ಲಿ ಗೋಡೆಗೆ ಒರಗಿಸಿ ಆಟಕ್ಕೆ ಹೋದೆ. ಆಮೇಲೆ ಮರೆತು ಮನೆಗೆ ಹೋಗಿಬಿಟ್ಟೆ. ಭಾನುವಾರ ರಾತ್ರಿ ಗಾಳಿ ಮಳೆ ಬಂತು. ಸೋಮವಾರ ಬಂದು ನೋಡಿದರೆ ಇಂಕೆಲ್ಲ ಕರಗಿ ಹರಿದಿತ್ತು. ಆರನೇ ತರಗತಿಯ ಗೆಳತಿ ನಾಲ್ಕು ದಿನ ಕೂತು ಬರೆದಿದ್ದ ನವಿಲಿನ ಚಿತ್ರ ಬರೀ ನೀಲಿ ಹಸಿರು ಕಲೆ ಆಗಿತ್ತು. ಅವಳು ಅಳಲಿಲ್ಲ, ಆದರೆ ನನ್ನ ಹತ್ತಿರ ಮಾತು ಬಿಟ್ಟಳು. ಅದೇ ನನಗೆ ಜಾಸ್ತಿ ನೋವಾಯಿತು.

ನಾನು ವಿಜ್ಞಾನದ ಮೇಷ್ಟ್ರ ಹತ್ತಿರ ಹೋಗಿ, ಇನ್ನು ಮೇಲೆ ಪತ್ರಿಕೆ ಕೆಲಸ ನನಗೆ ಬೇಡ, ಬೇರೆ ಯಾರಿಗಾದರೂ ಕೊಡಿ ಸರ್ ಅಂತ ಹೇಳಿದೆ. ಅವರು ಬೈಯಲಿಲ್ಲ. ಆಗಲಿ ಅಂತಲೂ ಅನ್ನಲಿಲ್ಲ. ಒಂದು ವರ್ಷದ ಕೆಲಸ ಒಂದೇ ದಿನದಲ್ಲಿ ಸುಟ್ಟು ಹೋದ ಒಬ್ಬ ವಿಜ್ಞಾನಿಯ ಕಥೆ ಇದೆ, ಓದಿ ಬರಿ, ಬರೆದ ಮೇಲೆ ಬಿಡೋದಾದರೆ ಬಿಡು ಅಂದರು. ಹಾಗಾಗಿ ಈ ಲೇಖನ.

ಜನನ ಮತ್ತು ಬಾಲ್ಯ

ಯಾನ್ ಓರ್ಟ್ ಅವರು 1900ನೇ ಇಸವಿ ಏಪ್ರಿಲ್ 28ರಂದು ನೆದರ್ಲೆಂಡ್ಸ್ ದೇಶದ ಫ್ರಾನೆಕರ್ ಎಂಬ ಊರಿನಲ್ಲಿ ಹುಟ್ಟಿದರು. ನೆದರ್ಲೆಂಡ್ಸನ್ನು ಹಾಲೆಂಡ್ ಅಂತಲೂ ಕರೆಯುತ್ತಾರೆ. ಅವರ ತಂದೆ ವೈದ್ಯರು. ತಾತ ಲೈಡನ್ ವಿಶ್ವವಿದ್ಯಾನಿಲಯದಲ್ಲಿ ಹೀಬ್ರೂ ಭಾಷೆಯ ಪ್ರೊಫೆಸರ್ ಆಗಿದ್ದರು. ಐದು ಜನ ಮಕ್ಕಳಲ್ಲಿ ಯಾನ್ ಎರಡನೆಯವರು. ಅವರು ಮೂರು ವರ್ಷದವರಿದ್ದಾಗ ಮನೆಯವರೆಲ್ಲ ಲೈಡನ್ ನಗರದ ಪಕ್ಕದ ಊರಿಗೆ ಬಂದು ನೆಲೆಸಿದರು.

ಚಿಕ್ಕಂದಿನಲ್ಲಿ ಅವರು ಜೂಲ್ಸ್ ವರ್ನ್ ಬರೆದ ಸಾಹಸದ ಕಥೆಗಳನ್ನು ಓದುತ್ತಿದ್ದರಂತೆ. ಆಕಾಶದ ಮೇಲೆ ಆಸೆ ಹುಟ್ಟಿದ್ದು ಅಲ್ಲಿಂದಲೇ ಇರಬಹುದು ಎಂದು ದೊಡ್ಡವರಾದ ಮೇಲೆ ನೆನೆಸಿಕೊಂಡಿದ್ದಾರೆ. 1910ರಲ್ಲಿ ಹ್ಯಾಲಿ ಧೂಮಕೇತು ಬಂದಾಗ ಅವರಿಗೆ ಹತ್ತು ವರ್ಷ. ತಂದೆಯ ಜೊತೆ ಸಮುದ್ರದ ದಡಕ್ಕೆ ಹೋಗಿ ಅದನ್ನು ನೋಡಿದರು. ಈ ಧೂಮಕೇತು ಸುಮಾರು 76 ವರ್ಷಕ್ಕೊಮ್ಮೆ ಬರುತ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ವಿದ್ಯಾಭ್ಯಾಸ

1917ರಲ್ಲಿ ಓರ್ಟ್ ಅವರು ಗ್ರೋನಿಂಗನ್ ವಿಶ್ವವಿದ್ಯಾನಿಲಯ ಸೇರಿದರು. ಭೌತಶಾಸ್ತ್ರ ಓದಲೋ ಖಗೋಳಶಾಸ್ತ್ರ ಓದಲೋ ಎಂದು ಇನ್ನೂ ತೀರ್ಮಾನ ಮಾಡಿರಲಿಲ್ಲ. ಅಲ್ಲಿ ಕಪ್ಟೈನ್ ಎಂಬ ಹೆಸರಾಂತ ಗುರುಗಳಿದ್ದರು. ಅವರ ಪಾಠ ಕೇಳಿದ ಮೇಲೆ ಖಗೋಳಶಾಸ್ತ್ರವೇ ಸರಿ ಅನ್ನಿಸಿತು. ಒಳ್ಳೆ ಮೇಷ್ಟ್ರು ಸಿಕ್ಕಿದರೆ ಹೀಗೇ ಆಗೋದು.

ಆಮೇಲೆ ಎರಡು ವರ್ಷ ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಕೆಲಸ ಮಾಡಿ, 1924ರಲ್ಲಿ ಲೈಡನ್ ವೀಕ್ಷಣಾಲಯಕ್ಕೆ ಬಂದರು. ಅಲ್ಲಿಂದ ಮುಂದೆ ಅವರ ಜೀವನವೆಲ್ಲ ಹೆಚ್ಚು ಕಡಿಮೆ ಲೈಡನ್ನಿನಲ್ಲೇ ಕಳೆಯಿತು.

ನಮ್ಮ ಆಕಾಶಗಂಗೆ ಸುತ್ತುತ್ತದೆ

ಅಮಾವಾಸ್ಯೆ ರಾತ್ರಿ ಕರೆಂಟು ಹೋದಾಗ ಆಕಾಶದಲ್ಲಿ ಹಾಲು ಚೆಲ್ಲಿದ ಹಾಗೆ ಒಂದು ಪಟ್ಟಿ ಕಾಣುತ್ತಲ್ಲ, ಅದೇ ಆಕಾಶಗಂಗೆ. ಕೋಟಿ ಕೋಟಿ ನಕ್ಷತ್ರಗಳ ಒಂದು ದೊಡ್ಡ ಗುಂಪು. ಇಂಥ ಗುಂಪಿಗೆ ಗೆಲಾಕ್ಸಿ ಅನ್ನುತ್ತಾರೆ. ನಮ್ಮ ಸೂರ್ಯನೂ ಅದರೊಳಗಿನ ಒಂದು ನಕ್ಷತ್ರ.

ಗುರುಗಳಾದ ಕಪ್ಟೈನ್ ಅವರು ಸೂರ್ಯ ಈ ಗುಂಪಿನ ನಡುವೆಯೇ ಹತ್ತಿರದಲ್ಲಿ ಇದ್ದಾನೆ ಎಂದು ಲೆಕ್ಕ ಹಾಕಿದ್ದರು. ಶಿಷ್ಯ ಓರ್ಟ್ ಅವರು ನಕ್ಷತ್ರಗಳ ಚಲನೆ ಅಳೆದು, 1927ರಲ್ಲಿ ಬೇರೆ ವಿಷಯ ತೋರಿಸಿದರು. ಇಡೀ ಆಕಾಶಗಂಗೆ ಸುತ್ತುತ್ತಿದೆ. ಒಳಗಿನ ನಕ್ಷತ್ರಗಳು ಬೇಗ ಸುತ್ತು ಮುಗಿಸುತ್ತವೆ, ಹೊರಗಿನವು ನಿಧಾನ. ಸೂರ್ಯ ನಡುವಿನಲ್ಲಿಲ್ಲ, ಬಹಳ ದೂರದಲ್ಲಿದ್ದಾನೆ. ಈಗಿನ ಲೆಕ್ಕದಲ್ಲಿ ನಡುವಿನಿಂದ ಸೂರ್ಯನಿಗೆ ಇರುವ ದೂರ ಸುಮಾರು 26,000 ಜ್ಯೋತಿರ್ವರ್ಷ. ಸೂರ್ಯ ಒಂದು ಸುತ್ತು ಬರಲು 20 ಕೋಟಿ ವರ್ಷಕ್ಕೂ ಹೆಚ್ಚು ಬೇಕು. ಸ್ವೀಡನ್ನಿನ ಲಿಂಡ್‌ಬ್ಲಾಡ್ ಎಂಬುವರು ಹೀಗಿರಬಹುದು ಎಂದು ಮೊದಲೇ ಊಹಿಸಿದ್ದರು. ಓರ್ಟ್ ಅವರು ಅಳತೆಯಿಂದ ಅದನ್ನು ತೋರಿಸಿಕೊಟ್ಟರು. ಅದೇ 1927ರಲ್ಲಿ ಅವರ ಮದುವೆಯೂ ಆಯಿತು. ಮುಂದೆ ಮೂರು ಜನ ಮಕ್ಕಳಾದರು.

ಆದರೆ ಒಂದು ತೊಡಕು ಇತ್ತು. ಆಕಾಶಗಂಗೆಯೊಳಗೆ ತುಂಬಾ ದೂಳು ಇದೆ. ದೂಳಿನ ಹಿಂದಿನ ನಕ್ಷತ್ರಗಳ ಬೆಳಕು ನಮ್ಮವರೆಗೆ ಬರೋದಿಲ್ಲ. ಹೀಗಾಗಿ ಎಷ್ಟು ದೊಡ್ಡ ದುರ್ಬೀನು ಇಟ್ಟರೂ ಆಕಾಶಗಂಗೆಯ ನಡುವಿನ ಭಾಗ ಕಾಣುತ್ತಿರಲಿಲ್ಲ. ಇದು ಓರ್ಟ್ ಅವರನ್ನು ಬಹಳ ವರ್ಷ ಕಾಡಿತು.

ಯುದ್ಧದ ಕಾಲ

1940ರ ಮೇ ತಿಂಗಳಲ್ಲಿ ಹಿಟ್ಲರನ ಜರ್ಮನಿ ನೆದರ್ಲೆಂಡ್ಸನ್ನು ಆಕ್ರಮಿಸಿತು. ಯೆಹೂದಿ ಜನಾಂಗದ ಪ್ರೊಫೆಸರುಗಳನ್ನು ಕೆಲಸದಿಂದ ತೆಗೆದುಹಾಕಿದರು. ಲೈಡನ್ನಿನಲ್ಲಿ ಪ್ರತಿಭಟನೆ ನಡೆಯಿತು. ಓರ್ಟ್ ಅವರು ಯೆಹೂದಿ ಅಲ್ಲ. ಸುಮ್ಮನಿದ್ದರೆ ಅವರ ಕೆಲಸ ಉಳಿಯುತ್ತಿತ್ತು. ಆದರೆ ಅವರು ಸುಮ್ಮನಿರಲಿಲ್ಲ. ಅನ್ಯಾಯ ಒಪ್ಪದೆ ಪ್ರೊಫೆಸರ್ ಕೆಲಸ ಬಿಟ್ಟರು. ಹೆಂಡತಿ ಮಕ್ಕಳನ್ನು ಕರೆದುಕೊಂಡು ಹುಲ್ಸ್‌ಹೋರ್ಸ್ಟ್ ಎಂಬ ಸಣ್ಣ ಹಳ್ಳಿಗೆ ಹೋಗಿ ಯುದ್ಧ ಮುಗಿಯುವವರೆಗೆ ಅಲ್ಲಿದ್ದರು.

ಆ ಕಷ್ಟದ ಕಾಲದಲ್ಲೇ ಅವರಿಗೆ ಒಂದು ದೊಡ್ಡ ಉಪಾಯ ಹೊಳೆಯಿತು. ಅದಕ್ಕೆ ಸ್ವಲ್ಪ ಹಿಂದಿನ ಕಥೆ ಹೇಳಬೇಕು. ಅಮೆರಿಕದ ಕಾರ್ಲ್ ಜಾನ್ಸ್ಕಿ ಎಂಬ ಇಂಜಿನಿಯರು 1930ರ ದಶಕದ ಮೊದಲಿಗೆ ಆಕಾಶಗಂಗೆಯಿಂದ ರೇಡಿಯೋ ತರಂಗಗಳು ಬರುತ್ತಿವೆ ಎಂದು ಕಂಡುಹಿಡಿದಿದ್ದರು. ಆಮೇಲೆ ಗ್ರೋಟ್ ರೆಬರ್ ಎಂಬುವರು 1937ರಲ್ಲಿ ತಮ್ಮ ಮನೆಯ ಹಿತ್ತಲಲ್ಲೇ ತಟ್ಟೆಯಂಥ ದೊಡ್ಡ ಆಂಟೆನಾ ಕಟ್ಟಿ ಆ ತರಂಗಗಳನ್ನು ಹಿಡಿದರು. ರೆಬರ್ ಬರೆದ ಲೇಖನ ಓರ್ಟ್ ಅವರ ಕೈಗೆ ಬಂತು.

ಓದಿದ ಕೂಡಲೇ ಅವರಿಗೆ ಅರ್ಥವಾಯಿತು. ರೇಡಿಯೋ ತರಂಗ ದೂಳನ್ನು ದಾಟಿ ಬರುತ್ತದೆ! ನಮ್ಮೂರಲ್ಲಿ ಚಳಿಗಾಲದ ಬೆಳಿಗ್ಗೆ ಮಂಜು ಬಿದ್ದಾಗ ಗುಡ್ಡದ ಮೇಲಿನ ಗುಡಿ ಕಾಣೋದಿಲ್ಲ, ಆದರೆ ಗಂಟೆ ಸದ್ದು ಕೇಳುತ್ತಲ್ಲ, ಹಾಗೇ ಇದೂ ಅಂತ ತಿಳಿದುಕೊಳ್ಳಿ.

ಆದರೆ ಬರೀ ಸದ್ದು ಕೇಳಿದರೆ ಸಾಲದು. ಒಂದೇ ಒಂದು ಗೊತ್ತಾದ ಸ್ವರ ಬೇಕು. ಆಗ ಮಾತ್ರ ಅದರ ವೇಗ ಅಳೆಯಬಹುದು. ಅಂಥ ಸ್ವರ ಯಾವುದಾದರೂ ಇದೆಯಾ ಎಂದು ಹುಡುಕುವ ಕೆಲಸವನ್ನು ಅವರು ವಾನ್ ಡಿ ಹುಲ್ಸ್ಟ್ ಎಂಬ ಕಿರಿಯ ವಿದ್ಯಾರ್ಥಿಗೆ ಕೊಟ್ಟರು. 1944ರ ಏಪ್ರಿಲ್ 15ರಂದು ಲೈಡನ್ನಿನಲ್ಲಿ ನಡೆದ ಒಂದು ಸಭೆಯಲ್ಲಿ ಆ ವಿದ್ಯಾರ್ಥಿ ಉತ್ತರ ಹೇಳಿದರು. ಹೈಡ್ರೋಜನ್ನಿನಿಂದ 21 ಸೆಂ.ಮೀ. ತರಂಗ ಬರಬೇಕು ಅನ್ನೋದೇ ಆ ಉತ್ತರ. ಹೊರಗೆ ಯುದ್ಧ. ಅದೇ ವರ್ಷದ ಕೊನೆಗೆ ಆ ದೇಶದಲ್ಲಿ ಹಸಿವಿನ ಚಳಿಗಾಲ ಬಂದು ಸಾವಿರಾರು ಜನ ಊಟವಿಲ್ಲದೆ ಸತ್ತರು. ಅಂಥ ಸಮಯದಲ್ಲೂ ಇವರು ಆಕಾಶದ ಲೆಕ್ಕ ಮಾಡುತ್ತಿದ್ದರು.

21 ಸೆಂಟಿಮೀಟರ್ ಅಂದರೆ ಏನು?

ಹೈಡ್ರೋಜನ್ನಿಗೆ ನಮ್ಮ ಪುಸ್ತಕದಲ್ಲಿ ಜಲಜನಕ ಅಂತಲೂ ಇದೆ. ಪ್ರಪಂಚದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಇರುವ ಧಾತು ಇದು. ಎಲ್ಲಕ್ಕಿಂತ ಹಗುರ. ಒಂದು ಪರಮಾಣುವಿನಲ್ಲಿ ಒಂದು ಪ್ರೋಟಾನು, ಒಂದು ಎಲೆಕ್ಟ್ರಾನು, ಅಷ್ಟೇ. ಪ್ರೋಟಾನಿನ ವಿದ್ಯುತ್ತು ಧನ, ಎಲೆಕ್ಟ್ರಾನಿನದು ಋಣ. ಎರಡೂ ಸಮವಾಗಿ ಕಳೆದುಹೋಗುವುದರಿಂದ ಇದನ್ನು ತಟಸ್ಥ ಹೈಡ್ರೋಜನ್ ಅನ್ನುತ್ತಾರೆ. ಇದು ನಕ್ಷತ್ರಗಳ ನಡುವಿನ ಖಾಲಿ ಜಾಗದಲ್ಲಿ ಬಹಳ ತೆಳ್ಳಗೆ ಹರಡಿಕೊಂಡಿದೆ. ಹೊಸ ನಕ್ಷತ್ರಗಳು ಹುಟ್ಟೋದು ಈ ಅನಿಲದಿಂದಲೇ. ಅಂದರೆ ಇದು ನಕ್ಷತ್ರಗಳ ಬಿತ್ತನೆ ಬೀಜ ಇದ್ದ ಹಾಗೆ.

ಪ್ರೋಟಾನು, ಎಲೆಕ್ಟ್ರಾನು ಎರಡೂ ಬುಗುರಿಯ ಹಾಗೆ ಎಂದು ಮೇಷ್ಟ್ರು ಹೇಳಿಕೊಟ್ಟರು. ಎರಡೂ ಒಂದೇ ಕಡೆಗೆ ತಿರುಗುತ್ತಿದ್ದರೆ ಶಕ್ತಿ ಸ್ವಲ್ಪ ಹೆಚ್ಚು. ಎಲೆಕ್ಟ್ರಾನು ಮಗುಚಿ ಎದುರು ಕಡೆಗೆ ತಿರುಗಿದರೆ ಶಕ್ತಿ ಸ್ವಲ್ಪ ಕಡಿಮೆ. ಆ ಉಳಿದ ಶಕ್ತಿ ರೇಡಿಯೋ ತರಂಗವಾಗಿ ಹೊರಗೆ ಬರುತ್ತದೆ. ಅದರ ಉದ್ದ 21 ಸೆಂ.ಮೀ. ನಿಮ್ಮ ಜಾಮಿಟ್ರಿ ಬಾಕ್ಸಿನ ಸ್ಕೇಲು 15 ಸೆಂ.ಮೀ. ಅದರ ಪಕ್ಕಕ್ಕೆ ಇನ್ನೊಂದು ಸ್ಕೇಲಿನ 6 ಸೆಂ.ಮೀ. ಸೇರಿಸಿ ಇಟ್ಟು ನೋಡಿ, ಅಷ್ಟೇ ಉದ್ದ. ಆವರ್ತಾಂಕದಲ್ಲಿ ಹೇಳಿದರೆ 1420 ಮೆಗಾಹರ್ಟ್ಸ್. ನಮ್ಮ ಮನೆ ರೇಡಿಯೋದ ಎಫ್.ಎಂ. 88ರಿಂದ 108ರವರೆಗೆ ಮಾತ್ರ, ಆದ್ದರಿಂದ ಅದರಲ್ಲಿ ಇದು ಸಿಗೋದಿಲ್ಲ. ನಾನು ತಿರುಗಿಸಿ ನೋಡಿ ಬೈಸಿಕೊಂಡೆ.

ಒಂದು ಪರಮಾಣು ತಾನಾಗಿ ಹೀಗೆ ಮಗುಚಲು ಸರಾಸರಿ ಒಂದು ಕೋಟಿ ವರ್ಷಕ್ಕಿಂತ ಹೆಚ್ಚು ಬೇಕು! ಹಾಗಾದರೆ ಯಾವಾಗ ಸದ್ದು ಕೇಳೋದು ಅಂತ ನಾನು ಕೇಳಿದೆ. ಒಬ್ಬನೇ ಪಿಸುಗುಟ್ಟಿದರೆ ಕೇಳೋದಿಲ್ಲ, ಇಡೀ ಜಾತ್ರೆಯೇ ಪಿಸುಗುಟ್ಟಿದರೆ ಕೇಳುತ್ತೆ ಅಂತ ಮೇಷ್ಟ್ರು ಹೇಳಿದರು. ಆಕಾಶದಲ್ಲಿ ಪರಮಾಣುಗಳು ಲೆಕ್ಕವಿಲ್ಲದಷ್ಟು ಇರುವುದರಿಂದ ಯಾವಾಗಲೂ ಎಷ್ಟೋ ಪರಮಾಣುಗಳು ಮಗುಚುತ್ತಲೇ ಇರುತ್ತವೆ.

ಸುಟ್ಟು ಹೋದ ಯಂತ್ರ

1945ರಲ್ಲಿ ಯುದ್ಧ ಮುಗಿಯಿತು. ಓರ್ಟ್ ಅವರು ಲೈಡನ್ನಿಗೆ ಹಿಂದಿರುಗಿ ವೀಕ್ಷಣಾಲಯದ ನಿರ್ದೇಶಕರಾದರು. ದೇಶದಲ್ಲಿ ದುಡ್ಡಿಲ್ಲ, ಸಾಮಾನಿಲ್ಲ. ಆದರೆ ಓಡಿಹೋದ ಜರ್ಮನ್ ಸೈನ್ಯದವರು ವಿಮಾನಗಳನ್ನು ಕಂಡುಹಿಡಿಯಲು ಇಟ್ಟಿದ್ದ ರೇಡಾರ್ ಆಂಟೆನಾಗಳನ್ನು ಬಿಟ್ಟು ಹೋಗಿದ್ದರು. ಅದರಲ್ಲಿ ಒಂದನ್ನು ಕೋಟ್‌ವೈಕ್ ಎಂಬ ಜಾಗದಲ್ಲಿ ನಿಲ್ಲಿಸಿ ರೇಡಿಯೋ ದೂರದರ್ಶಕ ಮಾಡಿಕೊಂಡರು. ತಟ್ಟೆಯ ಅಗಲ ಏಳೂವರೆ ಮೀಟರ್. ನಾವು ಟೇಪು ಹಿಡಿದು ನಮ್ಮ ಏಳನೇ ತರಗತಿ ಕೋಣೆ ಅಳೆದೆವು. ಉದ್ದ 6 ಮೀಟರ್ ಬಂತು. ಆ ತಟ್ಟೆ ನಮ್ಮ ಕೋಣೆಯೊಳಗೆ ಹಿಡಿಯೋದಿಲ್ಲ. ಯುದ್ಧಕ್ಕೆ ಮಾಡಿದ ಸಾಮಾನು ಆಕಾಶ ನೋಡೋಕೆ ಬಂದದ್ದು ನನಗೆ ಬಹಳ ಇಷ್ಟವಾಯಿತು.

ತಟ್ಟೆ ಇದ್ದರೆ ಸಾಲದು, ಸದ್ದು ಹಿಡಿಯುವ ರಿಸೀವರ್ ಬೇಕು. ಅದನ್ನು ಕಟ್ಟುತ್ತಾ ಇದ್ದರು. ಆಗ 1950ರಲ್ಲಿ ಬೆಂಕಿ ಬಿದ್ದು ರಿಸೀವರ್ ಸುಟ್ಟು ಹೋಯಿತು! ಮಾಡಿದ ಕೆಲಸವೆಲ್ಲ ಬೂದಿಯಾಯಿತು.

ಇಲ್ಲಿಗೆ ಬಂದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ನಮ್ಮದು ಬರೀ ಎಂಟು ಹಾಳೆ.

ಓರ್ಟ್ ಅವರು ಕೆಲಸ ನಿಲ್ಲಿಸಲಿಲ್ಲ. ಮುಲ್ಲರ್ ಎಂಬ ಹೊಸ ಇಂಜಿನಿಯರನ್ನು ಕರೆಸಿಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದರು. ಅದೇ 1950ರಲ್ಲೇ ಅವರು ಧೂಮಕೇತುಗಳ ಬಗ್ಗೆ ಒಂದು ಪ್ರಸಿದ್ಧ ಲೇಖನ ಬರೆದರು. ಸೌರಮಂಡಲದ ಸುತ್ತಲೂ ಬಹಳ ದೂರದಲ್ಲಿ ಧೂಮಕೇತುಗಳ ಒಂದು ದೊಡ್ಡ ಮೋಡ ಇದೆ, ಹೊಸ ಧೂಮಕೇತುಗಳು ಅಲ್ಲಿಂದ ಬರುತ್ತವೆ ಎಂದು ಅದರಲ್ಲಿ ಲೆಕ್ಕ ಸಹಿತ ಬರೆದಿದ್ದಾರೆ. ಇಂದಿಗೂ ಅದಕ್ಕೆ ಓರ್ಟ್ ಮೋಡ ಎಂದೇ ಹೆಸರು. ಒಂದು ಕೆಲಸ ಸುಟ್ಟುಹೋದ ವರ್ಷವೇ ಇನ್ನೊಂದು ಕೆಲಸದಿಂದ ಅವರ ಹೆಸರು ಉಳಿಯಿತು.

ಎರಡನೇ ಸ್ಥಾನ

ಅಷ್ಟರಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಯೂವನ್ ಮತ್ತು ಪರ್ಸೆಲ್ ಎಂಬ ಇಬ್ಬರು ಇದೇ ಸದ್ದನ್ನು ಹುಡುಕುತ್ತಿದ್ದರು. ಅವರು ದೊಡ್ಡ ಕೊಳವೆ ಬಾಯಿಯ ಆಂಟೆನಾವನ್ನು ಪ್ರಯೋಗಾಲಯದ ಕಿಟಕಿಯ ಹೊರಗೆ ಚಾಚಿ ಇಟ್ಟಿದ್ದರು. ಮಳೆ ಬಂದರೆ ಅದರೊಳಗೆ ನೀರು ಇಳಿಯುತ್ತಿತ್ತಂತೆ. ವಿದ್ಯಾರ್ಥಿಗಳು ಅದರ ಬಾಯಿಗೆ ಹಿಮದ ಉಂಡೆ ಎಸೆಯುತ್ತಿದ್ದರಂತೆ. ಎಲ್ಲಾ ಊರಲ್ಲೂ ಹುಡುಗರು ಹೀಗೇ ಅಂತ ಕಾಣುತ್ತೆ. 1951ರ ಮಾರ್ಚ್ 25ರಂದು ಅವರಿಗೆ ಹೈಡ್ರೋಜನ್ನಿನ ಸದ್ದು ಸಿಕ್ಕಿತು. ಪ್ರಪಂಚದಲ್ಲೇ ಮೊದಲು.

ಓರ್ಟ್ ಮತ್ತು ಮುಲ್ಲರ್ ಅವರಿಗೆ ಸಿಕ್ಕಿದ್ದು ಮೇ 11ರಂದು. ಒಂದೂವರೆ ತಿಂಗಳು ತಡ. ಬೆಂಕಿ ಬೀಳದೆ ಇದ್ದಿದ್ದರೆ ಬಹುಶಃ ಇವರೇ ಮೊದಲು. ಆದರೆ ಅವರಲ್ಲಿ ಜಗಳ ಆಗಲಿಲ್ಲ. ಹಾರ್ವರ್ಡಿನವರು ತಮ್ಮ ಉಪಾಯವನ್ನು ಮುಚ್ಚಿಡಲಿಲ್ಲ. ತಕ್ಷಣ ಅಚ್ಚು ಹಾಕಿಸಿಕೊಳ್ಳದೆ, ಬೇರೆಯವರಿಗೂ ಸಿಗುತ್ತದೆಯೇ ಎಂದು ಕಾದರು. 1951ರ ಸೆಪ್ಟೆಂಬರ್ 1ರ ನೇಚರ್ ಪತ್ರಿಕೆಯಲ್ಲಿ ಎರಡೂ ಲೇಖನಗಳು ಒಟ್ಟಿಗೆ ಬಂದವು. ಆಸ್ಟ್ರೇಲಿಯಾದವರಿಗೂ ಸದ್ದು ಸಿಕ್ಕಿದೆ ಎಂಬ ಸುದ್ದಿಯೂ ಅಲ್ಲೇ ಬಂತು.

ಆ ಉಪಾಯ ಏನೆಂದರೆ, ಸಂತೆಯಲ್ಲಿ ರಾಗಿ ಮೂಟೆ ತೂಗಿ, ಆಮೇಲೆ ಖಾಲಿ ಗೋಣಿಚೀಲದ ತೂಕ ಕಳೆಯುವ ಹಾಗೆ. ಯಂತ್ರದೊಳಗಿನ ಗೊರ ಗೊರ ಸದ್ದೇ ಆಕಾಶದ ಸದ್ದಿಗಿಂತ ಬಹಳ ದೊಡ್ಡದು. ಅದಕ್ಕೆ 1420ರಲ್ಲಿ ಒಂದು ಸಲ ಕೇಳೋದು, ಪಕ್ಕದ ಸಂಖ್ಯೆಯಲ್ಲಿ ಒಂದು ಸಲ ಕೇಳೋದು. ಒಂದರಿಂದ ಇನ್ನೊಂದನ್ನು ಕಳೆದರೆ ಉಳಿಯೋದು ಹೈಡ್ರೋಜನ್ನಿನ ಸದ್ದು ಮಾತ್ರ.

ಹೇಗೆ ಅಳೆಯುತ್ತಾರೆ?

ಮೊದಲ ಸ್ಥಾನ ಹೋದರೂ ಓರ್ಟ್ ಅವರ ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಅವರಿಗೆ ಸದ್ದು ಸಿಕ್ಕರೆ ಸಾಲದು, ಅದರಿಂದ ಆಕಾಶಗಂಗೆಯ ನಕ್ಷೆ ಬರೆಯಬೇಕಿತ್ತು. ಕೋಟ್‌ವೈಕ್‌ನ ತಟ್ಟೆಯನ್ನು ತಿರುಗಿಸಲು ಮೋಟಾರು ಇರಲಿಲ್ಲ. ಭೂಮಿ ತಿರುಗಿದಂತೆಲ್ಲ ಕೆಲವು ನಿಮಿಷಕ್ಕೊಮ್ಮೆ ವಿದ್ಯಾರ್ಥಿಗಳೇ ಕೈಯಿಂದ ತಿರುಗಿಸಬೇಕಿತ್ತು. ರಾತ್ರಿ ಹಗಲು ಪಾಳಿಯ ಮೇಲೆ ಹೀಗೆ ಮಾಡಿದರು.

ಅಳೆಯೋದು ಮುಖ್ಯವಾಗಿ ಎರಡು. ಒಂದು, ಸದ್ದಿನ ಜೋರು. ಅನಿಲ ಹೆಚ್ಚಿದ್ದರೆ ಸದ್ದು ಜೋರು. ಆದರೆ ದೂರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಲಾಟೀನನ್ನು ಎರಡರಷ್ಟು ದೂರ ಒಯ್ದರೆ ಬೆಳಕು ಅರ್ಧ ಆಗೋದಿಲ್ಲ, ನಾಲ್ಕರಲ್ಲಿ ಒಂದು ಪಾಲು ಆಗುತ್ತದೆ. ಹಾಗೇ ಇದೂ. ಗೆಲಾಕ್ಸಿಯ ದೂರ ಗೊತ್ತಿದ್ದರೆ ಅದರಲ್ಲಿ ಎಷ್ಟು ಹೈಡ್ರೋಜನ್ ಇದೆ ಎಂದು ತೂಕವನ್ನೇ ಹೇಳಬಹುದು.

ಎರಡು, ಸದ್ದಿನ ಜಾಗ. ಬಸ್ಸು ಹಾರ್ನ್ ಮಾಡುತ್ತಾ ಹತ್ತಿರ ಬರುವಾಗ ಸದ್ದು ಕೀರಲು, ದಾಟಿ ಹೋದ ಮೇಲೆ ಸದ್ದು ದಪ್ಪ. ಅನಿಲ ನಮ್ಮ ಕಡೆ ಬರುತ್ತಿದ್ದರೆ 1420 ಇರುವುದು ಸ್ವಲ್ಪ ಹೆಚ್ಚುತ್ತದೆ, ದೂರ ಹೋಗುತ್ತಿದ್ದರೆ ಕಡಿಮೆಯಾಗುತ್ತದೆ. ಸೆಕೆಂಡಿಗೆ 300 ಕಿ.ಮೀ. ವೇಗ ಅಂದರೆ ಬೆಳಕಿನ ವೇಗದ ಸಾವಿರದಲ್ಲಿ ಒಂದು ಪಾಲು. ಆಗ 1420ರ ಸಾವಿರದಲ್ಲಿ ಒಂದು ಪಾಲು, ಅಂದರೆ 1.42 ಬದಲಾಗುತ್ತದೆ. ಈ ಲೆಕ್ಕ ನಾನೇ ಮಾಡಿದೆ, ಮೇಷ್ಟ್ರು ಸರಿ ಎಂದು ಗುರುತು ಹಾಕಿದ್ದಾರೆ.

ಹೀಗೆ ಅಳೆದೂ ಅಳೆದೂ, ಉತ್ತರದ ಆಕಾಶವನ್ನು ನೆದರ್ಲೆಂಡ್ಸಿನವರು, ದಕ್ಷಿಣದ ಆಕಾಶವನ್ನು ಆಸ್ಟ್ರೇಲಿಯಾದವರು ನೋಡಿ, 1958ರಲ್ಲಿ ಎರಡನ್ನೂ ಸೇರಿಸಿ ಆಕಾಶಗಂಗೆಯ ಹೈಡ್ರೋಜನ್ ನಕ್ಷೆ ಪ್ರಕಟಿಸಿದರು. ಅದರಲ್ಲಿ ಅನಿಲ ಸುರುಳಿ ಸುರುಳಿಯಾಗಿ ಕಾಣುತ್ತದೆ. ದೂಳಿನ ಆಚೆ ಏನಿದೆ ಎಂದು ಓರ್ಟ್ ಅವರನ್ನು ಕಾಡುತ್ತಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿತು.

ಪಕ್ಕದ ಗೆಲಾಕ್ಸಿಗಳು

ನಮ್ಮ ಆಕಾಶಗಂಗೆಯ ಹೊರಗೆ ಮೊದಲು ಹೈಡ್ರೋಜನ್ ಸಿಕ್ಕಿದ್ದು ಆಸ್ಟ್ರೇಲಿಯಾದವರಿಗೆ. 1953ರಲ್ಲಿ ಮೆಗಲನ್ ಮೋಡಗಳು ಎಂಬ ಎರಡು ಚಿಕ್ಕ ಗೆಲಾಕ್ಸಿಗಳಲ್ಲಿ ಅವರು ಅದನ್ನು ಹಿಡಿದರು. ಅವು ದಕ್ಷಿಣದ ದೇಶಗಳಲ್ಲಿ ಬರಿಗಣ್ಣಿಗೇ ಕಾಣುತ್ತವೆ.

ಓರ್ಟ್ ಅವರು ಇನ್ನೂ ದೊಡ್ಡ ತಟ್ಟೆ ಬೇಕೆಂದು ಸರಕಾರಕ್ಕೆ ಬಿಡದೆ ಕೇಳಿದರು. ಡ್ವಿಂಗಲೋ ಎಂಬ ಊರಿನ ಹತ್ತಿರ 25 ಮೀಟರ್ ಅಗಲದ ರೇಡಿಯೋ ದೂರದರ್ಶಕ ಎದ್ದು ನಿಂತಿತು. ನಮ್ಮ ಖೋ-ಖೋ ಅಂಕಣದ ಉದ್ದ ಹೆಚ್ಚು ಕಡಿಮೆ ಅಷ್ಟೇ. 1956ರಲ್ಲಿ ಆ ದೇಶದ ರಾಣಿ ಜೂಲಿಯಾನ ಅದನ್ನು ಉದ್ಘಾಟಿಸಿದರು. ವಾನ್ ಡಿ ಹುಲ್ಸ್ಟ್ ಮತ್ತು ಜೊತೆಗಾರರು ಅದನ್ನು ಆಂಡ್ರೋಮಿಡಾ ಗೆಲಾಕ್ಸಿಯ ಕಡೆಗೆ ತಿರುಗಿಸಿ, ಅದರ ಹೈಡ್ರೋಜನ್ ಎಷ್ಟು ವೇಗದಲ್ಲಿ ಸುತ್ತುತ್ತಿದೆ ಎಂದು ಅಳೆದು 1957ರಲ್ಲಿ ಪ್ರಕಟಿಸಿದರು. ಆಂಡ್ರೋಮಿಡಾ ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರ. ಅಂದರೆ ಅವರು ಹಿಡಿದ ತರಂಗ ಹೊರಟಾಗ ಭೂಮಿಯ ಮೇಲೆ ನಮ್ಮಂಥ ಮನುಷ್ಯರೇ ಇರಲಿಲ್ಲ.

ಇಲ್ಲಿ ಒಂದು ಆಶ್ಚರ್ಯ ಕಾದಿತ್ತು. ಸೌರಮಂಡಲದಲ್ಲಿ ಸೂರ್ಯನ ಹತ್ತಿರದ ಬುಧ ಸೆಕೆಂಡಿಗೆ 47 ಕಿ.ಮೀ. ಓಡುತ್ತದೆ, ಭೂಮಿ 30 ಕಿ.ಮೀ., ದೂರದ ನೆಪ್ಚೂನ್ ಬರೀ 5 ಕಿ.ಮೀ. ಚಿಲ್ಲರೆ. ದೂರ ಹೋದಂತೆ ವೇಗ ಕಡಿಮೆ. ಗೆಲಾಕ್ಸಿಗಳಲ್ಲೂ ನಕ್ಷತ್ರಗಳು ಮುಗಿದ ಮೇಲೆ ಹೊರಗಿನ ಅನಿಲದ ವೇಗ ಕಡಿಮೆಯಾಗಬೇಕಿತ್ತು. ಹೈಡ್ರೋಜನ್ ಎಷ್ಟೋ ಗೆಲಾಕ್ಸಿಗಳಲ್ಲಿ ನಕ್ಷತ್ರಗಳಿಗಿಂತ ಬಹಳ ಹೊರಗಿನವರೆಗೆ ಹರಡಿರುತ್ತದೆ. ಹಾಗಾಗಿ ಅದನ್ನು ಅಳೆದು ನೋಡಬಹುದಿತ್ತು. ಅಳೆದರೆ ವೇಗ ಇಳಿಯಲೇ ಇಲ್ಲ! 1978ರಲ್ಲಿ ಬೋಸ್ಮಾ ಎಂಬ ವಿದ್ಯಾರ್ಥಿ ಅನೇಕ ಗೆಲಾಕ್ಸಿಗಳನ್ನು ಅಳೆದು ಇದನ್ನು ಸ್ಪಷ್ಟವಾಗಿ ತೋರಿಸಿದರು. ಕಣ್ಣಿಗೂ ಕಾಣದ, ರೇಡಿಯೋಗೂ ಸಿಗದ ಯಾವುದೋ ದ್ರವ್ಯ ಅಲ್ಲಿ ಇದ್ದು ಎಳೆದು ಹಿಡಿದಿದೆ ಎಂದು ವಿಜ್ಞಾನಿಗಳು ಹೇಳುತ್ತಾರೆ. ಇದಕ್ಕೆ ಕಪ್ಪು ದ್ರವ್ಯ ಎಂದು ಹೆಸರು. ಅದು ಏನು ಅನ್ನೋದು ಇವತ್ತಿಗೂ ಯಾರಿಗೂ ಗೊತ್ತಾಗಿಲ್ಲ. ಕಾಣುವುದಕ್ಕಿಂತ ಹೆಚ್ಚು ದ್ರವ್ಯ ಇದೆಯೇ ಎಂಬ ಲೆಕ್ಕವನ್ನು ಓರ್ಟ್ ಅವರು 1932ರಲ್ಲೇ ಮಾಡಿದ್ದರು. ಅವರ ಆ ಸಂಖ್ಯೆಯನ್ನು ಮುಂದಿನವರು ತಿದ್ದಿದರು, ಆದರೆ ಪ್ರಶ್ನೆ ಮಾತ್ರ ದೊಡ್ಡದಾಗಿ ಬೆಳೆಯಿತು.

ವೆಸ್ಟರ್‌ಬೋರ್ಕ್

ಬೋಸ್ಮಾ ಅಳೆದದ್ದು ವೆಸ್ಟರ್‌ಬೋರ್ಕ್ ಎಂಬ ಜಾಗದ ದೂರದರ್ಶಕದಿಂದ. ಇದಕ್ಕೂ ಓರ್ಟ್ ಅವರೇ ಮುಂದೆ ನಿಂತು ದುಡಿದವರು. 25 ಮೀಟರಿನ ತಟ್ಟೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ಎಲ್ಲವೂ ಸೇರಿ ಒಂದೇ ದೊಡ್ಡ ತಟ್ಟೆಯ ಹಾಗೆ ಕೆಲಸ ಮಾಡುವಂತೆ ಕಟ್ಟಿದ್ದಾರೆ. 1970ರಲ್ಲಿ ಪ್ರಾರಂಭವಾದಾಗ 12 ತಟ್ಟೆ, ಮುಂದೆ 14 ಆದವು. ಇದರಿಂದ ಗೆಲಾಕ್ಸಿಯ ಯಾವ ಮೂಲೆಯಲ್ಲಿ ಎಷ್ಟು ಅನಿಲ ಎಂದು ಚಿತ್ರದ ಹಾಗೆ ಬಿಡಿಸಬಹುದು.

ಆ ಜಾಗದ ಬಗ್ಗೆ ಓದಿದಾಗ ಮೈ ಜುಮ್ಮೆಂದಿತು. ಯುದ್ಧದಲ್ಲಿ ಜರ್ಮನರು ಯೆಹೂದಿ ಜನರನ್ನು ಹಿಡಿದು ಇಡುತ್ತಿದ್ದ ಶಿಬಿರ ಅಲ್ಲೇ ಇತ್ತು. 1942ರಿಂದ 1944ರವರೆಗೆ ಒಂದು ಲಕ್ಷ ಜನರನ್ನು ಅಲ್ಲಿಂದ ರೈಲಿನಲ್ಲಿ ತುಂಬಿ ಸಾಯಿಸುವ ಜಾಗಗಳಿಗೆ ಕಳಿಸಿದರು. ಬಹುತೇಕ ಯಾರೂ ವಾಪಸ್ಸು ಬರಲಿಲ್ಲ. ದಿನಚರಿ ಬರೆದ ಹುಡುಗಿ ಆನ್ ಫ್ರಾಂಕ್ ಕೂಡಾ ಅಲ್ಲಿದ್ದವಳೇ. ಯಾವ ಅನ್ಯಾಯ ಒಪ್ಪದೆ ಓರ್ಟ್ ಅವರು ಕೆಲಸ ಬಿಟ್ಟಿದ್ದರೋ, ಆ ಅನ್ಯಾಯ ನಡೆದ ನೆಲದಲ್ಲೇ ಈಗ ತಟ್ಟೆಗಳು ಆಕಾಶದ ಕಡೆ ಮುಖ ಮಾಡಿ ನಿಂತಿವೆ. ಪಕ್ಕದಲ್ಲಿ ಸತ್ತವರ ಸ್ಮಾರಕ ಇದೆ. ವಾಹನದಿಂದ ಬರುವ ರೇಡಿಯೋ ಅಡಚಣೆ ತರಂಗವನ್ನು ಕೆಡಿಸುವುದರಿಂದ ನೋಡಲು ಹೋಗುವವರು ಕಾರನ್ನು ದೂರ ನಿಲ್ಲಿಸಿ ಹೋಗಬೇಕು.

ನಮ್ಮ ದೇಶದಲ್ಲಿ

ಮಹಾರಾಷ್ಟ್ರದ ಪುಣೆ ಜಿಲ್ಲೆಯ ಖೋಡದ್ ಎಂಬ ಹಳ್ಳಿಯ ಹತ್ತಿರ 45 ಮೀಟರ್ ಅಗಲದ 30 ತಟ್ಟೆಗಳಿವೆ. ಅದನ್ನು ಕಟ್ಟಿಸಿದವರು ಗೋವಿಂದ ಸ್ವರೂಪ್. 2023ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದವರು ಈ ತಟ್ಟೆಗಳಿಂದ ಬಹಳ ಬಹಳ ದೂರದ ಒಂದು ಗೆಲಾಕ್ಸಿಯ ಹೈಡ್ರೋಜನ್ ಸಿಕ್ಕಿದೆ ಎಂದು ಪ್ರಕಟಿಸಿದರು. ಅಲ್ಲಿಂದ ಹೊರಟಾಗ 21 ಸೆಂ.ಮೀ. ಇದ್ದ ತರಂಗ ಇಲ್ಲಿಗೆ ಬರುವಷ್ಟರಲ್ಲಿ ಹಿಗ್ಗಿ 48 ಸೆಂ.ಮೀ. ಆಗಿತ್ತು. ಮೂರು ಸ್ಕೇಲು ಸಾಲಾಗಿ ಇಟ್ಟರೂ ಸಾಲದು.

ಕೊನೆಯ ದಿನಗಳು

ಓರ್ಟ್ ಅವರು 1970ರಲ್ಲಿ ನಿವೃತ್ತರಾದರು. ನಿವೃತ್ತಿ ಹೆಸರಿಗೆ ಮಾತ್ರ, ಕೆಲಸ ಬಿಡಲಿಲ್ಲ. ಅವರಿಗೆ 1984ರಲ್ಲಿ ಬಾಲ್ಜಾನ್ ಪ್ರಶಸ್ತಿ, 1987ರಲ್ಲಿ ಜಪಾನಿನ ಕ್ಯೋಟೋ ಪ್ರಶಸ್ತಿ ಬಂದವು. ಒಂದು ಕ್ಷುದ್ರಗ್ರಹಕ್ಕೂ ಅವರ ಹೆಸರಿಟ್ಟಿದ್ದಾರೆ.

1986ರಲ್ಲಿ ಹ್ಯಾಲಿ ಧೂಮಕೇತು ಮತ್ತೆ ಬಂತು. ಹತ್ತು ವರ್ಷದ ಹುಡುಗನಾಗಿ ನೋಡಿದ್ದನ್ನು ಅವರು 86ನೇ ವಯಸ್ಸಿನಲ್ಲಿ ವಿಮಾನದಲ್ಲಿ ಕೂತು ಇನ್ನೊಂದು ಸಲ ನೋಡಿದರು. ಇಂಥ ಭಾಗ್ಯ ಎಲ್ಲರಿಗೂ ಸಿಗೋದಿಲ್ಲ. 1992ರ ನವೆಂಬರ್ 5ರಂದು ಲೈಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 92 ವರ್ಷ.

ನನಗೆ ಅನ್ನಿಸಿದ್ದು

ಬೆಂಕಿ ಬಿದ್ದದ್ದು ಓರ್ಟ್ ಅವರ ತಪ್ಪಲ್ಲ. ಮಳೆಯಲ್ಲಿ ಪತ್ರಿಕೆ ನೆಂದದ್ದು ನನ್ನ ತಪ್ಪು. ಹಾಗಾಗಿ ನಾನು ಅವರಿಗಿಂತ ಹೆಚ್ಚು ಕೆಲಸ ಮಾಡಬೇಕು ಅಂತ ಅನ್ನಿಸಿತು. ನಾನು ಪತ್ರಿಕೆ ಬಿಡೋದಿಲ್ಲ ಅಂತ ಮೇಷ್ಟ್ರಿಗೆ ಹೇಳಿದೆ. ಹೋದ ಸಂಚಿಕೆಯಲ್ಲಿ ಬರೆದಿದ್ದವರ ಮನೆಗೆಲ್ಲ ಹೋಗಿ, ಅವರವರ ಪುಸ್ತಕದಲ್ಲಿ ಉಳಿದದ್ದನ್ನು ಕೇಳಿಕೊಂಡು, ಎಂಟರಲ್ಲಿ ಏಳು ಹಾಳೆ ಮತ್ತೆ ಬರೆದಿದ್ದೇನೆ. ಈ ಲೇಖನದ ಪಕ್ಕದಲ್ಲೇ ಅಂಟಿಸಿದೆ, ಓದಿ.

ಎಂಟನೆಯದು ನವಿಲು. ಅದನ್ನು ನಾನು ಬರೆಯೋಕೆ ಆಗೋದಿಲ್ಲ. ಅವಳ ಹತ್ತಿರ ಹೋಗಿ ತಪ್ಪಾಯಿತು ಅಂತ ಕೇಳಿಕೊಂಡೆ. ನೋಡೋಣ ಅಂದಿದ್ದಾಳೆ. ರಟ್ಟಿನ ಕೆಳಗೆ ಬಲಗಡೆ ಖಾಲಿ ಇರುವ ಜಾಗ ಅವಳದು. ದಯವಿಟ್ಟು ಅಲ್ಲಿ ಯಾರೂ ಏನೂ ಬರೆಯಬೇಡಿ.

ಹೇಳಿ ನೋಡೋಣ (ಉತ್ತರ ಮುಂದಿನ ಸಂಚಿಕೆಯಲ್ಲಿ)
1. ಒಂದೇ ಅಳತೆಯ ಹೈಡ್ರೋಜನ್ ಇರುವ ಎರಡು ಗೆಲಾಕ್ಸಿಗಳಲ್ಲಿ ಒಂದು ಇನ್ನೊಂದಕ್ಕಿಂತ ಮೂರರಷ್ಟು ದೂರ ಇದೆ. ಅದರ ಸದ್ದು ಎಷ್ಟರಲ್ಲಿ ಒಂದು ಪಾಲು?
2. ಹ್ಯಾಲಿ ಧೂಮಕೇತು ಮತ್ತೆ 2061ರಲ್ಲಿ ಬರುತ್ತದೆ. ಆಗ ನಿಮ್ಮ ವಯಸ್ಸು ಎಷ್ಟು?

ಇಂತಿ ನಿಮ್ಮ ಪ್ರೀತಿಯ,
7ನೇ ತರಗತಿಯ ವಿದ್ಯಾರ್ಥಿ